ಹೊಸ ವರ್ಷದ ವಾಗ್ದಾನ ಕಾರ್ಡ್‌ನಲ್ಲಿ ಬಂದ ಯೆರೆಮೀಯ 29:11 ನನಗೆ ಹೇಳಿದ ಮಾತೇ?

ಬಯಲುಸೀಮೆ_ಮಗಳು

ಎಲ್ಲರಿಗೂ ವಂದನೆಗಳು. ಬಹಳ ದಿನದಿಂದ ಇಲ್ಲಿ ಓದ್ತಾ ಇದ್ದೀನಿ, ಬರೆಯೋದು ಇದೇ ಮೊದಲು.

ನಮ್ಮ ಸಭೆಯಲ್ಲಿ ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ವಾಗ್ದಾನದ ಕಾರ್ಡ್ ಕೊಡ್ತಾರೆ. ಸ್ಟೀಲ್ ತಟ್ಟೆಯಲ್ಲಿ ಕಾರ್ಡುಗಳನ್ನ ಬೋರಲು ಹಾಕಿರ್ತಾರೆ, ಸಾಲಾಗಿ ಹೋಗಿ ಒಬ್ಬೊಬ್ಬರು ಒಂದೊಂದು ತಗೋಬೇಕು. ಹೋದ ವರ್ಷ ನನಗೆ ಬಂದದ್ದು ಸತ್ಯವೇದದ, ಅಂದರೆ ಬೈಬಲಿನ, ಯೆರೆಮೀಯ 29:11. ಮೂಲೆಯಲ್ಲಿ ಒಂದು ಗುಲಾಬಿ, ಮಧ್ಯದಲ್ಲಿ ‘ಅಹಿತದ ಯೋಚನೆಗಳಲ್ಲ, ಹಿತದ ಯೋಚನೆಗಳೇ’. ಅಪ್ಪನಿಗೆ ಆಗಲೇ ವಾರಕ್ಕೆರಡು ಸಲ ಡಯಾಲಿಸಿಸ್ ನಡೀತಿತ್ತು. ಅಮ್ಮ ಆ ಕಾರ್ಡನ್ನ ಅಪ್ಪನ ದಿಂಬಿನ ಕವರ್ ಒಳಗೆ ಇಟ್ಟರು. ಮಾರ್ಚ್‌ನಲ್ಲಿ ಅಪ್ಪ ತೀರಿಕೊಂಡರು. ಕವರ್ ಒಗೆಯೋಕೆ ತೆಗೆದಾಗ ಕಾರ್ಡ್ ಕೆಳಗೆ ಬಿತ್ತು. ಬೆವರಿಗೆ ಗುಲಾಬಿಯ ಬಣ್ಣ ಹರಡಿ ಅರ್ಧ ವಚನ ಮುಚ್ಚಿತ್ತು.

ಮಾತಾಡಿಸೋಕೆ ಬಂದವರಲ್ಲಿ ಒಬ್ಬರು, ‘ನಂಬಿಕೆ ಎಲ್ಲೋ ಕಡಿಮೆ ಆಗಿರಬೇಕು’ ಅಂದರು. ಇನ್ನೊಬ್ಬರು, ‘ಆ ವಚನ ಇಸ್ರಾಯೇಲ್ಯರಿಗೆ ಹೇಳಿದ್ದು, ನಮಗಲ್ಲ’ ಅಂದರು. ಮೊದಲನೇ ಮಾತು ಅಮ್ಮನನ್ನ ಮುರಿದು ಹಾಕ್ತು. ಎರಡನೇದು ನನ್ನನ್ನ. ನಮಗಲ್ಲ ಅಂದರೆ ಇಷ್ಟು ವರ್ಷ ನಾನು ಯಾರ ಪತ್ರವನ್ನ ಓದ್ತಾ ಇದ್ದೆ?

ವಾದಕ್ಕೆ ಕೇಳ್ತಾ ಇಲ್ಲ. ಒಂದು ವಚನ ನನಗೆ ಸಲ್ಲುತ್ತದೋ ಇಲ್ಲವೋ ಅಂತ ತಿಳಿಯೋದು ಹೇಗೆ? ಅದಕ್ಕೊಂದು ಕ್ರಮ ಇದೆಯೇ?

ಧಾರವಾಡದ_ಟೀಚರ್

ತಂಗಿ, ಮೊದಲು ಅಮ್ಮನಿಗೆ ಹೇಳು. ‘ನಂಬಿಕೆ ಕಡಿಮೆ’ ಅಂದವರಿಗೆ ಆ ಅಧ್ಯಾಯದೊಳಗೆ ಒಂದಕ್ಷರದ ಆಧಾರ ಇಲ್ಲ. ಅದನ್ನ ನಾನು ಖಡಾಖಂಡಿತ ಹೇಳ್ತೀನಿ.

ನಾನು ರಿಟೈರ್ ಆದ ಮೇಲೆ ಹನ್ನೆರಡು ವರ್ಷದಿಂದ ನಮ್ಮ ಸಭೆಯ ಭಾನುವಾರದ ಸತ್ಯವೇದ ತರಗತಿ ನಡೆಸ್ತೀನಿ. ಹೊಸದಾಗಿ ಬಂದವರಿಗೆ ಮೊದಲು ಹೇಳೋದು ಒಂದೇ ಮಾತು: ವಚನದ ನಂಬರನ್ನ ಮರೀರಿ. ಯೆರೆಮೀಯ ನಂಬರ್ ಹಾಕಿ ಬರೀಲಿಲ್ಲ. ಈಗ ನಾವು ಬಳಸೋ ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ್ದು. ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆ ಬಂದದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಅನ್ನೋ ಮುದ್ರಕನ ಕೈಯಿಂದ. ಹುಡುಕೋಕೆ ಅನುಕೂಲ ಆಗಲಿ ಅಂತ ಹಾಕಿದ ಗುರುತು ಅದು. ಆ ಗುರುತು ಹಿಡಿದು ಒಂದು ತುಂಡು ಕತ್ತರಿಸಿ ಕಾರ್ಡಿನ ಮೇಲೆ ಅಂಟಿಸಿದರೆ ಅದರ ಹಿಂದೆ ಮುಂದೆ ಇದ್ದ ಜೀವ ಹೋಗ್ತದ.

29ನೇ ಅಧ್ಯಾಯ ಒಂದು ಕಾಗದ. ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ಅರಸ ಯೆಕೊನ್ಯನನ್ನ, ರಾಜಮಾತೆಯನ್ನ, ಬಡಗಿ ಕಮ್ಮಾರರನ್ನ ಸೆರೆ ಒಯ್ದ. ಊರಲ್ಲಿ ಉಳಿದಿದ್ದ ಯೆರೆಮೀಯ ಅವರಿಗೆ ಬರೆದ ಕಾಗದ. ಅರಸ ಚಿದ್ಕೀಯ ಬಾಬೆಲಿಗೆ ಕಳಿಸ್ತಿದ್ದ ದೂತರ ಕೈಯಲ್ಲೇ ಅದು ಹೋಯ್ತು. ಅದರಲ್ಲಿ ಮೊದಲು ಏನು ಬರ್ತದೆ ನೋಡು: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ಉಣ್ಣಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕೆ ಪ್ರಾರ್ಥನೆ ಮಾಡಿ. ಆಮೇಲೆ 10ನೇ ವಚನ: ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನ ತಿರುಗಿ ಕರೆತರುವೆನು. ಇದಾದ ಮೇಲೆ ನಿನ್ನ ಕಾರ್ಡಿನ ವಚನ.

ಎಪ್ಪತ್ತು ವರ್ಷ ಅಂದರೆ ಏನು ಲೆಕ್ಕ ಹಾಕು. ಆ ಕಾಗದ ಓದಿಸಿಕೊಂಡು ಕೇಳಿದವರಲ್ಲಿ ಬಹುಪಾಲು ಜನ ಬಾಬೆಲಿನಲ್ಲೇ ಮಣ್ಣಾದರು. ಅದು ಬರೆದವನಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು. ಇಷ್ಟು ಗೊತ್ತಿದ್ದೂ ‘ಹಿತದ ಯೋಚನೆಗಳೇ’ ಅಂದದ್ದು.

ದೈವಶಾಸ್ತ್ರ_ಎರಡನೇವರ್ಷ

ಟೀಚರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಹೀಬ್ರೂವಿನಲ್ಲಿ 11ನೇ ವಚನ ‘ಕೀ’ ಅನ್ನೋ ಪದದಿಂದ ಶುರುವಾಗುತ್ತದೆ. ‘ಏಕೆಂದರೆ’ ಅಂತ ಅರ್ಥ. ಅಂದರೆ 10ನೇ ವಚನದ ಎಪ್ಪತ್ತು ವರ್ಷಕ್ಕೆ ಅದು ಕೊಂಡಿ. ಕಾರ್ಡ್ ಅಚ್ಚು ಹಾಕಿಸುವಾಗ ಮೊದಲು ಬಿದ್ದುಹೋಗೋದು ಆ ಕೊಂಡಿಯೇ.

ಇನ್ನೊಂದು. 7ನೇ ವಚನದಲ್ಲಿ ಪಟ್ಟಣದ ‘ಕ್ಷೇಮ’, 11ರಲ್ಲಿ ನಿಮ್ಮ ‘ಹಿತ’ ಅಂತ ನಮ್ಮ ಸತ್ಯವೇದದಲ್ಲಿ ಬೇರೆ ಬೇರೆ ಪದ ಇದೆ. ಮೂಲದಲ್ಲಿ ಎರಡೂ ಕಡೆ ಒಂದೇ ಪದ, ಶಾಲೋಮ್. ತಮ್ಮನ್ನ ಸೆರೆ ಹಿಡಿದವರ ಊರಿನ ಶಾಲೋಮಿಗೆ ಪ್ರಾರ್ಥಿಸಿ ಅಂದ ಬಾಯಿಯೇ ನಿಮ್ಮ ಬಗ್ಗೆ ನನ್ನ ಯೋಚನೆ ಶಾಲೋಮ್ ಅಂತಲೂ ಅನ್ನುತ್ತದೆ. ಒಂದನ್ನ ಬಿಟ್ಟು ಇನ್ನೊಂದನ್ನ ಮಾತ್ರ ಕೇಳಿಕೊಳ್ಳೋಕೆ ಬರೋದಿಲ್ಲ.

ಕನ್ನಡ ಓದುಗರಿಗೆ ಒಂದು ಅನುಕೂಲ ಇದೆ, ಅದನ್ನ ನಾವು ಗಮನಿಸೋದೇ ಇಲ್ಲ. ಈಗಿನ ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ. ನಮ್ಮಲ್ಲಿ ಹಾಗಲ್ಲ. ಲೂಕ 22:31-32 ತೆಗೆದು ನೋಡಿ. ಯೇಸು ತನ್ನ ಶಿಷ್ಯ ಸೀಮೋನನಿಗೆ, ಸೈತಾನನು ‘ನಿಮ್ಮನ್ನು’ ಗೋದಿಯ ಹಾಗೆ ಒನೆಯಬೇಕೆಂದು ಕೇಳಿಕೊಂಡ, ಆದರೆ ‘ನಿನ್ನ’ ನಂಬಿಕೆ ಕುಂದಬಾರದೆಂದು ನಾನು ಬೇಡಿಕೊಂಡೆ ಅನ್ನುತ್ತಾನೆ. ಒನೆಯೋದು ಶಿಷ್ಯರೆಲ್ಲರನ್ನೂ, ಬೇಡಿಕೆ ಒಬ್ಬನಿಗಾಗಿ. ಇಂಗ್ಲಿಷ್ ಓದುಗನಿಗೆ ಇದು ಕಾಣಬೇಕಾದರೆ ಅಡಿಟಿಪ್ಪಣಿ ಬೇಕು.

ಆದರೆ ನಮ್ಮಲ್ಲಿ ಒಂದು ಎಡವಟ್ಟೂ ಇದೆ. ದಿನನಿತ್ಯದ ಮಾತಿನಲ್ಲಿ ‘ನೀವು’ ಅಂದರೆ ಮರ್ಯಾದೆ. ಕಾರ್ಡಿನ ಮೇಲೆ ‘ನಿಮ್ಮ ವಿಷಯವಾಗಿ’ ಅಂತ ಇದ್ದರೆ, ದೇವರು ನನ್ನೊಬ್ಬಳನ್ನೇ ಮರ್ಯಾದೆಯಿಂದ ಮಾತಾಡಿಸ್ತಿದ್ದಾರೆ ಅಂತ ಕಿವಿಗೆ ಬೀಳುತ್ತದೆ. ಹಳೆಯ ಭಾಷಾಂತರ ಅರಸನಿಗೂ ‘ನೀನು’ ಅಂತಲೇ ಹೇಳೋದು. ಅಲ್ಲಿ ‘ನೀವು’ ಬಂದರೆ ಬಹಳ ಜನ. ಯೆರೆಮೀಯ 29ರ ‘ನಿಮ್ಮ’ ಇಡೀ ಒಂದು ಜನಾಂಗ, ತಲೆಮಾರು ತಲೆಮಾರು ಸೇರಿ.

ಕರಾವಳಿ_ಕಥೋಲಿಕ

ನಮ್ಮ ಕನ್ನಡ ಬೈಬಲಿನಲ್ಲಿ ಸ್ವಲ್ಪ ಭಿನ್ನ. ಅಲ್ಲಿ ಯೇಸುಸ್ವಾಮಿ ‘ಹೇಳಿದರು’, ಯೆಹೋವ ಎನ್ನುವ ಜಾಗದಲ್ಲಿ ‘ಸರ್ವೇಶ್ವರ’. ಹಾಗಾಗಿ ಬಹುವಚನ ಕಂಡ ಕಡೆಯೆಲ್ಲ ಬಹಳ ಜನ ಎಂದುಕೊಳ್ಳುವ ಹಾಗಿಲ್ಲ, ಮರ್ಯಾದೆಯೂ ಇರಬಹುದು. ಎರಡೂ ಭಾಷಾಂತರ ಪಕ್ಕಪಕ್ಕ ಇಟ್ಟುಕೊಂಡು ಓದುವುದು ಮೂಲಭಾಷೆ ಬಾರದ ನನ್ನಂಥವರಿಗೆ ದೊಡ್ಡ ಸಹಾಯ.

ಅಕ್ಕಾ, ನಿಮ್ಮ ತಂದೆಯವರ ಆತ್ಮಕ್ಕೆ ಶಾಂತಿ ಸಿಗಲಿ.

ಕ್ರಮ ಇದೆಯೇ ಎಂದು ಕೇಳಿದಿರಿ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ದೈವಪ್ರಕಟನೆಯ ಬಗ್ಗೆ ಹೊರಡಿಸಿದ ದಸ್ತಾವೇಜಿನ 12ನೆಯ ಪರಿಚ್ಛೇದ ಇದನ್ನೇ ಹೇಳುತ್ತದೆ. ಬರೆದವನು ಏನು ಹೇಳಲು ಹೊರಟಿದ್ದ, ಯಾವ ಬಗೆಯ ಬರಹ ಅದು, ಕಾವ್ಯವೋ ಚರಿತ್ರೆಯೋ ಪ್ರವಾದನೆಯೋ ಎಂದು ಮೊದಲು ನೋಡಬೇಕು. ಅಷ್ಟಕ್ಕೇ ನಿಲ್ಲುವುದಿಲ್ಲ. ಇಡೀ ಬೈಬಲ್ ಒಂದು ಎಂದು ಹಿಡಿದು, ಧರ್ಮಸಭೆಯ ಜೀವಂತ ಪರಂಪರೆಯೊಳಗೆ ನಿಂತು, ಯಾವ ಪವಿತ್ರಾತ್ಮರಿಂದ ಬರೆಯಲಾಯಿತೋ ಆ ಆತ್ಮರಲ್ಲೇ ಓದಬೇಕು. ಎರಡನೆಯ ಭಾಗ ಇಲ್ಲದೆ ಹೋದರೆ ‘ಅದು ಇಸ್ರಾಯೇಲ್ಯರಿಗೆ, ನಮಗಲ್ಲ’ ಎನ್ನುವಲ್ಲಿಗೆ ಬಂದು ನಿಲ್ಲುತ್ತೇವೆ. ಆ ಮಾತು ಅರ್ಧ ಸರಿ. ಅರ್ಧ ಸರಿಯಾದ್ದರಿಂದಲೇ ಅಷ್ಟು ನೋವು.

ಪ್ರಾರ್ಥನಾ_ಕೂಟ

ಎಲ್ಲರೂ ದೊಡ್ಡವರು, ಓದಿದವರು. ನನಗೆ ಹೀಬ್ರೂ ಬರಲ್ಲ. ನಾನು ಮೊದಲು ಕುಡಿತಿದ್ದೆ. ಒಂದು ರಾತ್ರಿ ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ಬರೆದಿದ್ದ ಒಂದು ವಚನ ಓದಿ ಮನೆಗೆ ವಾಪಸ್ ಬಂದೆ. ಹಿಂದೆ ಮುಂದೆ ಏನಿತ್ತೋ ಯಾರಿಗೆ ಬರೆದದ್ದೋ ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಆಯ್ತು. ಅದು ನನಗೆ ಹೇಳಿದ್ದಲ್ಲ ಅಂತೀರಾ? ಪವಿತ್ರಾತ್ಮನು ಒಂದೇ ವಚನದಿಂದ ಮಾತಾಡಬಾರದಾ?

ದೈವಶಾಸ್ತ್ರ_ಎರಡನೇವರ್ಷ

ಅಣ್ಣಾ, ಅನ್ನೋದಿಲ್ಲ. ನಿಮ್ಮ ಪರವಾಗಿ ದೊಡ್ಡ ಸಾಕ್ಷಿಗಳಿದ್ದಾರೆ. ಈಜಿಪ್ಟಿನ ಸಂತ ಅಂತೋನಿ ಚರ್ಚಿಗೆ ಹೋದಾಗ, ನಿನಗಿರುವುದನ್ನೆಲ್ಲ ಮಾರಿ ಬಡವರಿಗೆ ಕೊಡು ಅನ್ನೋ ಮತ್ತಾಯ 19:21 ಓದ್ತಾ ಇದ್ದರು. ತನಗೇ ಹೇಳಿದ ಮಾತು ಅಂತ ಹೋಗಿ ಆಸ್ತಿ ಕೊಟ್ಟುಬಿಟ್ಟ. 386ರಲ್ಲಿ ಮಿಲಾನಿನ ತೋಟದಲ್ಲಿ ಆಗಸ್ಟಿನನಿಗೆ ‘ತೆಗೆದುಕೋ, ಓದು’ ಅನ್ನೋ ಮಗುವಿನ ಧ್ವನಿ ಕೇಳಿತು. ಪೌಲನ ಪತ್ರ ತೆರೆದು, ಕಣ್ಣಿಗೆ ಬಿದ್ದ ರೋಮಾಪುರ 13:13-14 ಓದಿದ. ಮುಂದೆ ಓದೋ ಅಗತ್ಯವೇ ಬೀಳಲಿಲ್ಲ ಅಂತ ತಾನೇ ಬರೆದುಕೊಂಡಿದ್ದಾನೆ.

ಆದರೆ ಅದೇ ಆಗಸ್ಟಿನ್ ಬಿಷಪ್ ಆದ ಮೇಲೆ, ಸುಮಾರು 400ರಲ್ಲಿ, ಯಾನುವಾರಿಯುಸ್ ಎಂಬುವನಿಗೆ ಬರೆದ ಪತ್ರದಲ್ಲಿ, ಸುವಾರ್ತೆಯ ಹಾಳೆಗಳಿಂದ ಚೀಟಿ ಎತ್ತಿ ಭವಿಷ್ಯ ನೋಡುವವರ ಬಗ್ಗೆ ಹೇಳುತ್ತಾನೆ. ದೆವ್ವಗಳನ್ನ ಕೇಳೋಕೆ ಹೋಗೋದಕ್ಕಿಂತ ಇದು ಮೇಲು, ಆದರೂ ದೇವರ ಮಾತನ್ನ ಲೌಕಿಕ ವ್ಯವಹಾರಕ್ಕೆ ತಿರುಗಿಸೋ ಈ ರೂಢಿ ನನಗೆ ಸರಿಬರೋದಿಲ್ಲ, ಅಂತ.

ಇದನ್ನ ನಾನು ಬಹಳ ಯೋಚನೆ ಮಾಡಿದ್ದೀನಿ. ಅಂತೋನಿ, ಆಗಸ್ಟಿನ್, ನೀವು, ಮೂವರಿಗೂ ಆ ವಚನ ‘ಏಳು, ತಿರುಗಿಕೋ’ ಅಂದಿತು. ನಾಳೆ ನಿನಗೆ ಏನು ಸಿಗುತ್ತದೆ ಅಂತ ಯಾರಿಗೂ ಹೇಳಲಿಲ್ಲ. ಗೋಡೆಯ ಮೇಲಿದ್ದ ಆ ವಚನವನ್ನ ಅದರ ಇಡೀ ಅಧ್ಯಾಯದಲ್ಲಿ ಇಟ್ಟು ಓದಿದರೂ ‘ಮನೆಗೆ ಹೋಗು’ ಅನ್ನೋದು ಸುಳ್ಳಾಗೋದಿಲ್ಲ. ತಂದೆಯವರು ಮಾರ್ಚ್ ದಾಟುತ್ತಾರೆ ಅನ್ನೋದನ್ನ 29ನೇ ಅಧ್ಯಾಯ ಯಾವತ್ತೂ ಹೇಳಿರಲಿಲ್ಲ.

ಪ್ರಾರ್ಥನಾ_ಕೂಟ

ತಮ್ಮಾ, ಇದನ್ನ ಒಪ್ತೀನಿ. ಕೂಟದಲ್ಲಿ ನಾನೂ ಎಷ್ಟೋ ಜನರಿಗೆ ‘ಈ ವಚನ ಹಿಡ್ಕೊಳ್ಳಿ, ಕೆಲಸ ಸಿಗುತ್ತೆ’ ಅಂತ ಹೇಳಿಬಿಟ್ಟಿದ್ದೀನಿ. ಇವತ್ತು ಭಾರ ಆಗ್ತಿದೆ.

ಸಂಸ್ಕೃತ_ಮೇಷ್ಟ್ರು

ನಾನು ಕ್ರೈಸ್ತನಲ್ಲ. ನನ್ನ ಶಿಷ್ಯೆಯೊಬ್ಬಳು ಈ ಚರ್ಚೆ ತೋರಿಸಿದಳು, ಅದಕ್ಕೇ ಬರೆಯುತ್ತಿದ್ದೇನೆ.

ವೇದವಾಕ್ಯಗಳ ಅರ್ಥ ನಿರ್ಣಯಿಸುವ ನಮ್ಮ ಮೀಮಾಂಸಕರ, ವೇದಾಂತಿಗಳ ಕಡೆ ಒಂದು ಹಳೆಯ ಶ್ಲೋಕವಿದೆ: ‘ಉಪಕ್ರಮೋಪಸಂಹಾರಾವಭ್ಯಾಸೋಽಪೂರ್ವತಾ ಫಲಂ, ಅರ್ಥವಾದೋಪಪತ್ತೀ ಚ ಲಿಂಗಂ ತಾತ್ಪರ್ಯನಿರ್ಣಯೇ.’ ಒಂದು ಪ್ರಕರಣದ ತಾತ್ಪರ್ಯ ಯಾವುದೆಂದು ತೀರ್ಮಾನಿಸಲು ಆರು ಗುರುತು: ಆರಂಭ ಮತ್ತು ಮುಕ್ತಾಯ ಒಂದನ್ನೊಂದು ಕೂಡುವುದು, ಮತ್ತೆ ಮತ್ತೆ ಬರುವ ಮಾತು, ಬೇರೆಡೆಯಿಂದ ತಿಳಿಯದ ಹೊಸತು, ಫಲ, ಹೊಗಳಿಕೆ ತೆಗಳಿಕೆ, ಯುಕ್ತಿ.

ಕುತೂಹಲಕ್ಕೆ ಯೆರೆಮೀಯನ ಪತ್ರವನ್ನು ಈ ಕಣ್ಣಿನಿಂದ ಓದಿದೆ. 4ನೇ ವಚನದಲ್ಲಿ ‘ನಾನು ಸೆರೆಗೆ ಒಯ್ಯಿಸಿದವರು’ ಎಂದು ಶುರು. 14ರಲ್ಲಿ ಅದೇ ಮಾತು, ಅಲ್ಲಿಂದಲೇ ತಿರುಗಿ ಕರೆತರುತ್ತೇನೆ ಎಂದು ಮುಗಿತಾಯ. ನಡುವೆ 7ರಲ್ಲಿಯೂ ಅದೇ. ಶ್ಲೋಕದ ‘ಅಭ್ಯಾಸ’, ಅಂದರೆ ಮತ್ತೆ ಮತ್ತೆ ಬರುವ ಮಾತು, ಎಂದರೆ ಇದು. ನೆಬೂಕದ್ನೆಚ್ಚರನಲ್ಲ, ನಾನೇ ಕಳಿಸಿದೆ ಎಂದು ಹೇಳುವವನು ಮೂರು ಸಲ ಹೇಳುತ್ತಾನೆ. ಪತ್ರದ ನಡುಗಂಬ ಅಲ್ಲಿದೆ ಎಂದು ನನಗನ್ನಿಸಿತು. ನಿಮ್ಮ ಶಾಸ್ತ್ರದಲ್ಲಿ ಇದು ಒಪ್ಪಿತವೋ ಇಲ್ಲವೋ ನೀವೇ ಹೇಳಬೇಕು.

ಧಾರವಾಡದ_ಟೀಚರ್

ಮೇಷ್ಟ್ರೇ, ನಮಸ್ಕಾರ. ಹನ್ನೆರಡು ವರ್ಷದಾಗ ಆ ಅಧ್ಯಾಯವನ್ನ ನಾನು ನಾಲ್ಕು ಸಲವಾದರೂ ಕಲಿಸಿರಬೇಕು. ‘ನಾನು ಒಯ್ಯಿಸಿದ’ ಮೂರು ಸಲ ಬಂದದ್ದನ್ನ ಎಣಿಸಿರಲಿಲ್ಲ. ಬರೋ ಭಾನುವಾರ ನಿಮ್ಮ ಮಾತು ಅಂತ ಹೇಳೇ ಕಲಿಸ್ತೀನಿ.

ಅದಕ್ಕ ಸಂಬಂಧಪಟ್ಟದ್ದು ಹಿಂದಿನ ಅಧ್ಯಾಯದಲ್ಲಿದೆ. ಅದನ್ನ ಓದದೆ 29 ಅರ್ಥ ಆಗೋದಿಲ್ಲ. 28ರಲ್ಲಿ ಹನನ್ಯ ಅಂತ ಒಬ್ಬ ಪ್ರವಾದಿ ಬರ್ತಾನ. ಎರಡೇ ವರ್ಷದಲ್ಲಿ ಎಲ್ಲರೂ ತಿರುಗಿ ಬರ್ತಾರ, ದೇವಾಲಯದ ಪಾತ್ರೆಗಳೂ ಬರ್ತಾವ ಅಂತ ದೇವರ ಹೆಸರಲ್ಲಿ ಸಾರ್ತಾನ. ಯೆರೆಮೀಯ ಏನಂದ ಗೊತ್ತಾ? ‘ಆಮೆನ್, ಯೆಹೋವನು ಹಾಗೇ ಮಾಡಲಿ’ ಅಂದ. ಅವನಿಗೂ ಆಸೆ ಇತ್ತು! ಆಮೇಲೆ ಹನನ್ಯ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗ ಮುರಿದು ಹಾಕ್ತಾನ. ಐದನೇ ತಿಂಗಳಲ್ಲಿ ಈ ಮಾತು, ಏಳನೇ ತಿಂಗಳಲ್ಲಿ ಹನನ್ಯ ಸತ್ತ.

ಈಗ ಇಬ್ಬರನ್ನ ಎದುರುಬದುರು ನಿಲ್ಲಿಸಿ ನೋಡು ತಂಗಿ. ಒಬ್ಬ ಎರಡು ವರ್ಷ ಅಂದ, ಇನ್ನೊಬ್ಬ ಎಪ್ಪತ್ತು ಅಂದ. ಇಬ್ಬರೂ ದೇವರ ಹೆಸರಲ್ಲೇ ಅಂದರು. 29:11ನ್ನ ಒಂದೇ ಕತ್ತರಿಸಿ ಕೊಟ್ಟರ ಯೆರೆಮೀಯನ ಮಾತನ್ನ ಹನನ್ಯನ ಬಾಯಿಗೆ ಹಾಕಿದ ಹಾಗೆ. ನಿನಗೆ ಕಾರ್ಡ್ ಕೊಟ್ಟವರ ಮನಸ್ಸು ಒಳ್ಳೇದೇ ಇತ್ತು, ಅದರಲ್ಲಿ ಅನುಮಾನ ಇಲ್ಲ. ಕೈಗೆ ಬಂದದ್ದು ಮಾತ್ರ ಹನನ್ಯನ ವಚನ.

ದುಬೈ_ಹುಡುಗ

ನಾನು ಇಲ್ಲಿ ಕಟ್ಟಡದ ಎಲೆಕ್ಟ್ರಿಕಲ್ ಕೆಲಸದಲ್ಲಿದ್ದೀನಿ. ನಮ್ಮ ಕನ್ನಡ ಫೆಲೋಶಿಪ್‌ನಲ್ಲಿ 29:7 ಓದಿ ಈ ಊರಿಗಾಗಿ ಪ್ರಾರ್ಥನೆ ಮಾಡ್ತೀವಿ. ನಾವೂ ಸೆರೆಯವರ ಹಾಗೇ ಅಂತ ನನಗೆ ಅನ್ನಿಸ್ತಿತ್ತು. ಹಾಗೆ ಓದೋದು ತಪ್ಪಾ ಟೀಚರ್?

ಧಾರವಾಡದ_ಟೀಚರ್

ಪ್ರಾರ್ಥನೆ ಮಾಡೋದು ತಪ್ಪಲ್ಲಪ್ಪ, ಮಾಡ್ರಿ. ಆದರ ಎಲ್ಲಿ ಹೋಲ್ತದ, ಎಲ್ಲಿ ಹೋಲೋದಿಲ್ಲ ಅಂತ ಎರಡೂ ಬರೆದುಕೊಂಡು ನೋಡು. ನೀನು ದುಡಿಮೆಗೆ ಹೋದವನು, ರಜಕ್ಕ ಊರಿಗೆ ಬರ್ತೀ. ಅವರನ್ನ ಊರಿಗೆ ಮುತ್ತಿಗೆ ಹಾಕಿದವರೇ ಎಳೆದೊಯ್ದಿದ್ದರು. ಹೋಲೋದಿಲ್ಲ ಅನ್ನೋದನ್ನ ಮರೆತರ ಅವರ ಕಣ್ಣೀರನ್ನ ನಾವು ಪುಕ್ಕಟೆ ತಗೊಂಡ ಹಾಗಾಗ್ತದ.

ದೈವಶಾಸ್ತ್ರ_ಎರಡನೇವರ್ಷ

ಆ ಸೆರೆಯವರ ಬದುಕಿನ ಕುರುಹು ನಮ್ಮ ಕಾಲದಲ್ಲಿ ಸಿಕ್ಕಿದೆ. ಬಾಬೆಲಿನ ಸೀಮೆಯಲ್ಲಿ ‘ಅಲ್-ಯಾಹೂದು’, ಅಂದರೆ ಯೆಹೂದದ ಊರು ಅಂತ ಒಂದು ಹಳ್ಳಿ ಇತ್ತು. ಅದಕ್ಕೆ ಸಂಬಂಧಿಸಿದ ಜೇಡಿಮಣ್ಣಿನ ಫಲಕಗಳಲ್ಲಿ ಹಳೆಯದು ಕ್ರಿ.ಪೂ. 572ರದ್ದು. ಏನಿದೆ ಅಂತೀರಿ? ಜಮೀನಿನ ಗೇಣಿ, ಸಾಲ, ಖರ್ಜೂರ ಮತ್ತು ಬಾರ್ಲಿಯ ಲೆಕ್ಕ. ‘ತೋಟ ಮಾಡಿ ಫಲ ಉಣ್ಣಿ’ ಅಂದ ಮಾತಿನಂತೆ ಜನ ನಿಜವಾಗಿಯೂ ಬದುಕಿದ್ದರು. ಆ ಫಲಕಗಳ ಚಿತ್ರ ನೋಡಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇದನ್ನೂ ಹೇಳಬೇಕು. ಎಲ್ಲಿ ನಿಂತು ಓದ್ತೀವಿ ಅನ್ನೋದರ ಮೇಲೂ ಅರ್ಥ ನಿಂತಿದೆ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆ ಅಂತಲೇ ಒಂದು ಬೈಬಲ್ ಅಚ್ಚಾಯಿತು. ವಿಮೋಚನಕಾಂಡದ ಬಹುಭಾಗ ಅದರಲ್ಲಿಲ್ಲ, ಗಲಾತ್ಯ 3:28 ಇಲ್ಲ. ಪೂರ್ತಿ ಓದಿದರೆ ಏನಾಗುತ್ತದೆ ಅಂತ ಅಚ್ಚು ಹಾಕಿಸಿದವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಬೆಂಗಳೂರಿನ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ದೈವಶಾಸ್ತ್ರಜ್ಞ ಅರವಿಂದ್ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರ ಅನ್ನೋದು ಬೆಳೆಯಿತು. ಧರ್ಮೋಪದೇಶಕಾಂಡ 26ರ ‘ನನ್ನ ಮೂಲಪಿತೃ ಅಲೆದಾಡುವ ಅರಾಮ್ಯನು’ ಅನ್ನೋ ಅರಿಕೆಯನ್ನ ಅವರು ದಲಿತರ ಅರಿಕೆಯಾಗಿ ಓದಿದರು. ಸಂದರ್ಭ ನೋಡಬೇಕು ಅನ್ನುವಾಗ ಅಂದಿನ ಸಂದರ್ಭ ಮಾತ್ರ ಸಾಲದು. ನಮ್ಮ ಕೇರಿಯಲ್ಲಿ ಕೂತು ಓದಿದಾಗ ನನಗೆ ಕೇಳಿದ್ದು ಕಾಲೇಜಿನ ಲೈಬ್ರರಿಯಲ್ಲಿ ಕೇಳಿರಲಿಲ್ಲ.

ಕರಾವಳಿ_ಕಥೋಲಿಕ

ಕಾರ್ಡಿನ ಬಗ್ಗೆ ಒಂದು ಮಾತು ಉಳಿದಿದೆ. ಚೀಟಿ ಎತ್ತುವುದೆಲ್ಲ ಕೆಟ್ಟದ್ದು ಎಂದು ನಾನು ಹೇಳಲಾರೆ. ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ಪಂಗಡದ ಕ್ರೈಸ್ತರು 1731ರಿಂದ ವರ್ಷವರ್ಷವೂ ದಿನಕ್ಕೊಂದು ವಚನದ ಪುಸ್ತಕ ಅಚ್ಚು ಹಾಕುತ್ತಾರೆ. ಹಳೆಯ ಒಡಂಬಡಿಕೆಯ ವಚನವನ್ನು ಚೀಟಿ ಎತ್ತಿಯೇ ಆರಿಸುವುದು. ಆದರೆ ಅದರ ಜೊತೆಗೆ ಹೊಸ ಒಡಂಬಡಿಕೆಯ ವಚನ ಒಂದನ್ನು ಕೂತು ಯೋಚಿಸಿ ಹುಡುಕಿ ಇಡುತ್ತಾರೆ. ಒಂದು ವಚನವನ್ನು ಒಂಟಿಯಾಗಿ ಬಿಡುವುದಿಲ್ಲ.

ಯೆರೆಮೀಯನ ಪತ್ರಕ್ಕೂ ಬೈಬಲಿನೊಳಗೇ ಒಬ್ಬ ಜೊತೆಗಾರನಿದ್ದಾನೆ. ದಾನಿಯೇಲ 9:2 ನೋಡಿ. ಬಾಬೆಲಿನಲ್ಲಿ ಮುದುಕನಾದ ದಾನಿಯೇಲ ಯೆರೆಮೀಯನ ಎಪ್ಪತ್ತು ವರ್ಷಗಳನ್ನು ಓದುತ್ತಿದ್ದಾನೆ. ಓದಿದ ಮೇಲೆ ‘ನನಗೆ ಇದು ಸಿಗಬೇಕು’ ಎನ್ನಲಿಲ್ಲ. ಗೋಣಿತಟ್ಟು ಉಟ್ಟು, ಬೂದಿ ಬಳಿದುಕೊಂಡು, ‘ನಾವು ಪಾಪ ಮಾಡಿದೆವು’ ಎಂದು ಇಡೀ ಜನರ ಪರವಾಗಿ ಬೇಡಿಕೊಂಡ. ‘ನಾನು’ ಎನ್ನದೆ ‘ನಾವು’ ಎಂದ.

ಬಯಲುಸೀಮೆ_ಮಗಳು

ನಾಲ್ಕು ದಿನ ಏನೂ ಬರೆಯೋಕಾಗಲಿಲ್ಲ, ಕ್ಷಮಿಸಿ. ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಹನನ್ಯನ ಕಥೆ ಕೇಳಿ ಅಮ್ಮ ಸುಮಾರು ಹೊತ್ತು ಸುಮ್ಮನಿದ್ದು, ಆಮೇಲೆ, ‘ಯೆರೆಮೀಯ ಆಮೆನ್ ಅಂದನಾ?’ ಅಂತ ಮಾತ್ರ ಕೇಳಿದರು. ಹೌದಮ್ಮ ಅಂದೆ. ‘ಹಂಗಾರೆ ಆಸೆಪಟ್ಟಿದ್ದು ತಪ್ಪಲ್ಲ’ ಅಂದರು.

ನಿನ್ನೆ ಅಪ್ಪನ ಸತ್ಯವೇದ ತೆಗೆದೆ. ಬೆನ್ನು ಕಿತ್ತುಹೋಗಿ ಸೆಲ್ಲೋಟೇಪ್ ಹಾಕಿರೋದು. ಅಪ್ಪ ರೈಲ್ವೆಯಲ್ಲಿದ್ದವರು, ಮೂರ್ನಾಲ್ಕು ವರ್ಷಕ್ಕೊಂದು ಟ್ರಾನ್ಸ್‌ಫರ್. ಯೆರೆಮೀಯ 29ರಲ್ಲಿ 11ನೇ ವಚನದ ಕೆಳಗೆ ಗೆರೆ ಇರುತ್ತೆ ಅಂದುಕೊಂಡಿದ್ದೆ. ಇಲ್ಲ. 7ರ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ‘ಗದಗ’ ಅಂತ ಬರೆದಿದ್ದಾರೆ. ಅಷ್ಟೇ. ಗದಗದ ಕ್ವಾರ್ಟರ್ಸ್‌ನಲ್ಲಿ ನಾವಿದ್ದಾಗ ನನಗೆ ಆರು ವರ್ಷ. ಹಿತ್ತಲಲ್ಲಿ ಅಪ್ಪ ಕರಿಬೇವು, ಒಂದು ನುಗ್ಗೆ ಹಾಕಿದ್ದರು. ನುಗ್ಗೆ ಕಾಯಿ ಬಿಡೋ ಹೊತ್ತಿಗೆ ನಾವು ಅಲ್ಲಿಂದ ಹೊರಟಾಗಿತ್ತು.

ಟೀಚರ್ ಅಕ್ಕಾ, ಒಂದು ಪ್ರಶ್ನೆ ಇದೆ. ಇಡೀ ಅಧ್ಯಾಯ ಓದಿ ಅಂದಿರಿ, ಓದಿದೆ. 14ರವರೆಗೆ ಸಮಾಧಾನ ಆಯ್ತು. 17ಕ್ಕೆ ಬಂದರೆ ಯೆರೂಸಲೇಮಿನಲ್ಲೇ ಉಳಿದವರನ್ನ ತಿನ್ನೋಕಾಗದ ಕೆಟ್ಟ ಅಂಜೂರದ ಹಾಗೆ ಮಾಡ್ತೀನಿ ಅಂತ ಇದೆ. ಅಷ್ಟು ಕಠಿಣ ಮಾತು ಅದೇ ಕಾಗದದಲ್ಲಿ ಯಾಕೆ? ಅದನ್ನ ಹೇಗೆ ಓದಲಿ?

ಧಾರವಾಡದ_ಟೀಚರ್

ಅಲ್ಲಿಗೇ ಬರ್ತೀ ಅಂತ ಕಾಯ್ತಿದ್ದೆ. ಆ ಅಂಜೂರ ಮೊದಲೇ ಒಂದು ಸಲ ಬಂದದ. ದೇವಾಲಯದ ಮುಂದೆ ಎರಡು ಪುಟ್ಟಿ, ಒಂದರಲ್ಲಿ ಒಳ್ಳೇ ಹಣ್ಣು, ಒಂದರಲ್ಲಿ ಕೊಳೆತದ್ದು. ಯಾವ ಪುಟ್ಟಿ ಯಾರು ಅಂತ ನೀನೇ ಓದಿ ಬಾ, ಆಮೇಲೆ ಮಾತಾಡೋಣ. 24ನೇ ಅಧ್ಯಾಯ. ಹತ್ತೇ ವಚನ ಅದ. ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೋ.